ಕಾಲು ಟ್ಯಾಂಕಿನ ಸುಳ್ಳು

ಒಗೆದು ಮಡಿಸಿದ ಟವೆಲನ್ನು ಡ್ರೈವರ್ ಸೀಟಿನ ಹಿಂದಿನ ಸಂದಿಗೆ ತುರುಕಲು ಹೋದಾಗ ಅವಳ ಬೆರಳಿಗೆ ಮರದ ಪಟ್ಟಿಯೊಂದು ತಗುಲಿತು. ಎಳೆದು ನೋಡಿದಳು. ಹದಿನೈದು ದಿನದಿಂದ ಮನೆಯೆಲ್ಲ ಜಾಲಾಡಿದರೂ ಸಿಗದಿದ್ದ ಅಳತೆಪಟ್ಟಿ, ಬಟ್ಟೆ ಕತ್ತರಿಸುವಾಗ ಬಳಸುವ ಎರಡಡಿಯದು. ಅರ್ಧಕ್ಕಿಂತ ಹೆಚ್ಚು ಭಾಗ ಕಪ್ಪಾಗಿತ್ತು. ಮೂಗಿನ ಹತ್ತಿರ ತರುವ ಮೊದಲೇ ಡೀಸೆಲ್ ವಾಸನೆ ಹೊಡೆಯುತ್ತಿತ್ತು. ಇಂಚಿನ ಗೆರೆಗಳ ಮೇಲೆಯೇ ಚಾಕುವಿನಿಂದ ಕಚ್ಚು ಮಾಡಿ, ಒಂದೊಂದು ಕಚ್ಚಿನ ಪಕ್ಕ ಬಾಲ್‌ಪೆನ್ನಿನಲ್ಲಿ ಬರೆದಿತ್ತು: ಕಾಲು, ಅರ್ಧ, ಮುಕ್ಕಾಲು. ಬಲಕ್ಕೆ ವಾಲುವ ಆ ಅಕ್ಷರ ಯಾರದೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಮದುವೆಯಾದ ಹೊಸದರಲ್ಲಿ ದೂರದ ಊರುಗಳಿಂದ ಬರುತ್ತಿದ್ದ ಕಾರ್ಡುಗಳಲ್ಲೂ ಅಕ್ಷರಗಳು ಹೀಗೆಯೇ, ಎದುರುಗಾಳಿಗೆ ನಡೆಯುವವರಂತೆ ಮುಂದಕ್ಕೆ ಬಾಗಿರುತ್ತಿದ್ದವು. ಕೆಳತುದಿಯ ಕಚ್ಚಿನ ಪಕ್ಕ ಮಾತ್ರ ಏನೂ ಬರೆದಿರಲಿಲ್ಲ. ಎರಡು ಸಲ ಒತ್ತಿ ಗೀರಿತ್ತು, ಅಷ್ಟೆ.

ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಡ್ರೈವರ್ ಸೀಟಿನಲ್ಲೇ ಕೂತಳು. ಲಾರಿ ಮನೆಯ ಪಕ್ಕದ ಖಾಲಿ ಜಾಗದಲ್ಲಿ ನಿಂತಿತ್ತು. ಬೆಳಗ್ಗೆ ಬಂದು ಎರಡು ಲೋಟ ನೀರು ಕುಡಿದು ಮಲಗಿದ ಗಂಡ ಇನ್ನೂ ಎದ್ದಿರಲಿಲ್ಲ. ಮೂರು ಗಂಟೆಗೆ ಮತ್ತೆ ಹೊರಡಬೇಕಿತ್ತು. ಸ್ಟಿಯರಿಂಗಿನ ಆಚೆ ಡೀಸೆಲ್ ಮೀಟರು, ಅವಳೇ ಗಾಜು ಒರೆಸಿ ಕೂರಿಸಿದ್ದು, ಕೀ ಇಲ್ಲದೆ ಮುಳ್ಳು ಮಲಗಿತ್ತು. ಮೀಟರು ಕೆಟ್ಟ ಲಾರಿಯವರು ಟ್ಯಾಂಕಿಗೆ ಕೋಲು ಅದ್ದಿ ನೋಡುವುದು ಎಲ್ಲ ಕಡೆ ಇರುವುದೇ. ಕೋಲು ಅದ್ದಿ ಅದ್ದಿ ಸಾಕಾದವರೇ ಅವಳ ಬಳಿ ಬರುತ್ತಿದ್ದರು. ಮನೆಯ ಮುಂದಿನ ಕೋಣೆಯಲ್ಲಿ ಬೆಂಚು, ಬೆಂಚಿನ ಮೇಲೆ ಬ್ಯಾಟರಿ, ಗೋಡೆಗೆ ಮೊಳೆ ಹೊಡೆದ ಹಲಗೆಯಲ್ಲಿ ಪರೀಕ್ಷೆಯ ಮೀಟರು, ಖಾನೆಗಳ ತುಂಬ ಬಿಚ್ಚಿಟ್ಟ ಮುಳ್ಳುಗಳು. ಇಡೀ ಲಾರಿ ಸ್ಟ್ಯಾಂಡಿಗೆ ಅವಳು ಮೀಟರಕ್ಕ. ಅಂಥ ಮೀಟರಕ್ಕನ ಗಂಡ ಕೋಲು ಅದ್ದುತ್ತಿದ್ದಾನೆ. ಎಲ್ಲಿ ನಿಲ್ಲಿಸಿಕೊಂಡು ಅದ್ದುತ್ತಾನೋ, ಕದ್ದು ಬೀಡಿ ಸೇದುವವನ ಹಾಗೆ ಆಚೆ ಈಚೆ ನೋಡಿ ಮುಚ್ಚಳ ತೆಗೆಯುತ್ತಾನೋ ಏನೋ. ಅವನ ಬೆನ್ನು ಅವಳ ಕಣ್ಣಿಗೆ ಕಟ್ಟಿತು, ಅಂಗಿಯ ಕಾಲರಿನ ಹತ್ತಿರ ಬೆವರಿನ ಬಿಳಿ ಗೆರೆ ಸಮೇತ. ಆ ಮೀಟರು ಸುಳ್ಳು ಹೇಳುತ್ತದೆಂದು ಈ ಲೋಕದಲ್ಲಿ ಗೊತ್ತಿದ್ದುದು ತನಗೊಬ್ಬಳಿಗೇ ಎಂದು ಅವಳು ಇಷ್ಟು ದಿನ ತಿಳಿದಿದ್ದಳು.

ಮೂರು ವಾರದ ಹಿಂದೆ ರಿವರ್ಸ್ ತೆಗೆಯುವಾಗ ಚೂಪು ಕಲ್ಲೊಂದು ತಗುಲಿ ಲಾರಿಯ ಟ್ಯಾಂಕಿನ ಅಡಿ ಹರಿದುಹೋಗಿತ್ತು. ಬೆಸುಗೆಯವನು, 'ವಾರದಲ್ಲಿ ಸರಿ ಮಾಡಿಕೊಡ್ತೀನಿ' ಎಂದು ಅದನ್ನು ಒಯ್ದ. ಅಲ್ಲಿಯವರೆಗೆಂದು ಗಂಡ ಗುಜರಿಗೆ ಬಂದ ಬೇರೊಂದು ಲಾರಿಯ ಟ್ಯಾಂಕು ಹುಡುಕಿ ತಂದು ಕಟ್ಟಿದ. ಒಳಗಿನ ಟ್ಯಾಂಕ್ ಯೂನಿಟ್ಟು ಮಾತ್ರ ಹಳೆಯದೇ. ಅದೇನೂ ದೊಡ್ಡ ವಿದ್ಯೆಯಲ್ಲ: ಮೇಲಿನಿಂದ ಇಳಿಬಿಟ್ಟ ಒಂದು ಸಲಾಕೆ, ಸಲಾಕೆಯ ನಡುವೆ ಕೀಲು, ಕೀಲಿಗೆ ಒಂದು ಕಂಬಿ, ಕಂಬಿಯ ತುದಿಗೆ ತೇಲುವ ಬಿರಡೆ. ಡೀಸೆಲ್ ಏರಿದರೆ ಬಿರಡೆ ಏರುತ್ತದೆ, ಇಳಿದರೆ ಇಳಿಯುತ್ತದೆ; ಕಂಬಿ ಎಷ್ಟು ತಿರುಗಿತೋ ಅಷ್ಟಕ್ಕೆ ಮೀಟರಿನ ಮುಳ್ಳು ತಿರುಗುತ್ತದೆ. ಹೊಸ ಟ್ಯಾಂಕಿನ ಮೇಲೆ ಅದೇ ಅಳತೆಯ ತೂತು, ಅದೇ ಐದು ಸ್ಕ್ರೂ. ಹೇಳಿ ಮಾಡಿಸಿದ ಹಾಗೆ ಕೂತಿತು. ಆದರೆ ಹಳೆಯ ಟ್ಯಾಂಕಿನ ಆಳ ಇಪ್ಪತ್ತೆರಡು ಇಂಚು, ಇದರದು ಹದಿನೇಳು. ಉದ್ದ ಕಂಬಿಗೆ ಕೈಕಾಲು ಚಾಚಲು ಜಾಗವಿಲ್ಲ. ಬಿರಡೆ ಕೆಳಗಿನ ತಳಕ್ಕೆ ಸರಿಯಾಗಿ ಹೊಂದುವಂತೆ ಕೀಲನ್ನು ಇಳಿಸಿದರೆ ಮೇಲೆ ಟ್ಯಾಂಕಿನ ಸೂರಿಗೆ ತಲೆ ಬಡಿಯುತ್ತದೆ. ಮೇಲಕ್ಕೆ ಹೊಂದಿಸಿದರೆ ಕೆಳಗೆ ತಳಕ್ಕೆ ಒರಗಿ ನಿಂತುಬಿಡುತ್ತದೆ. ಕಂಬಿಯನ್ನೇ ಕತ್ತರಿಸಿ ಗಿಡ್ಡ ಮಾಡುವುದು ಸರಿಯಾದ ದಾರಿ. ಕತ್ತರಿಸಿದರೆ ಅದು ಮತ್ತೆ ಹಳೆಯ ಟ್ಯಾಂಕಿಗೆ ಬಾರದು. ವಾರದಲ್ಲಿ ಹಳೆಯದು ಬರುತ್ತದಲ್ಲ ಎಂದು ಅವಳು ಕತ್ತರಿಸಲಿಲ್ಲ.

ಮೊದಲು ಅವಳು ಮಾಡಿದ್ದು ಸರಿಯಾಗಿಯೇ ಇತ್ತು. ಖಾಲಿಗೆ ಖಾಲಿ ತೋರಿಸುವಂತೆ ಕೀಲು ಇಳಿಸಿದ್ದಳು. ಟ್ಯಾಂಕು ತುಂಬಿಸಿದರೆ ಮುಳ್ಳು ಮುಕ್ಕಾಲಿಗೆ ನಿಲ್ಲುತ್ತದೆ, ಅದರಿಂದ ಯಾರಿಗೂ ನಷ್ಟವಿಲ್ಲ ಎಂದು ಅವನಿಗೂ ಹೇಳಿದ್ದಳು. ಅವನು ತಲೆಯಾಡಿಸಿಯೂ ಇದ್ದ. ನಾಲ್ಕು ದಿನ ಬಿಟ್ಟು ಊಟಕ್ಕೆ ಕೂತಾಗ ನಗುತ್ತ ಹೇಳಿದ್ದು ಸ್ಟ್ಯಾಂಡಿನವರ ಮಾತು: ತುಂಬಿಸಿದ್ದರಲ್ಲಿ ಕಾಲು ಭಾಗ ಮೀಟರಕ್ಕ ಮನೆಗೆ ಇಳಿಸಿಕೊಳ್ಳುತ್ತಾಳಂತೆ, ಊರಿನ ಮೀಟರೆಲ್ಲ ಸರಿ ಮಾಡುವವಳ ಮನೆಯ ಮೀಟರೇ ಸುಳ್ಳಂತೆ. ಅವನಿಗದು ಬರೀ ತಮಾಷೆ. ಅತ್ತೆಯೂ ನಕ್ಕರು. ಅವಳೂ ನಕ್ಕಳು, ನಗುತ್ತಲೇ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು.

ಹೋದ ವರ್ಷ ಒಬ್ಬ ಬಸ್ ಡ್ರೈವರು ಅವಳು ರಿಪೇರಿ ಮಾಡಿದ ಸ್ಪೀಡ್ ಮೀಟರನ್ನು ತಂದು ನಾಲ್ಕು ಜನರೆದುರು ಬೆಂಚಿನ ಮೇಲೆ ಕುಕ್ಕಿದ್ದ. 'ಕಣ್ಣು ಕಾಣದಿದ್ರೆ ಹೂ ಕಟ್ಟೋ ಕೆಲಸ ಮಾಡಮ್ಮ' ಎಂದಿದ್ದ. ಬೈಗುಳವೂ ಅಲ್ಲ, ಒಂದು ಬಗೆಯ ಸಲಹೆಯಂತೆ ಹೇಳಿದ್ದೇ ಅವಳನ್ನು ಚುಚ್ಚಿತ್ತು. ತಪ್ಪು ಅವಳದೇ; ಮುಳ್ಳನ್ನು ಒಂದು ಹಲ್ಲು ತಪ್ಪಿಸಿ ಕೂರಿಸಿದ್ದಳು. ಅದಾದ ಮೇಲೆ ಎರಡು ತಿಂಗಳು ಬೆಂಚಿಗೆ ಹಳೆಯ ಸೀರೆ ಹೊದಿಸಿಬಿಟ್ಟಿದ್ದಳು. ಬಂದ ಗಿರಾಕಿಗಳಿಗೆ ಹುಷಾರಿಲ್ಲವೆನ್ನುತ್ತಿದ್ದಳು. ಆ ಎರಡು ತಿಂಗಳು ಗಂಡನಾಗಲಿ ಅತ್ತೆಯಾಗಲಿ ಬೆಂಚಿನ ಮಾತೆತ್ತಲಿಲ್ಲ. ಮನೆಯಲ್ಲಿ ಮಲಗಿದ ಮಗುವಿದೆಯೋ ಎನ್ನುವಂತೆ ಮುಂದಿನ ಕೋಣೆಯನ್ನು ಮೆಲ್ಲಗೆ ದಾಟುತ್ತಿದ್ದರು. ಒಂದು ಬೆಳಗ್ಗೆ ಅವಳೇ ಎದ್ದು ಸೀರೆ ಮಡಿಸಿದಾಗ ಅತ್ತೆ, 'ಆ ಸೀರೆ ನಂಗೆ ಕೊಡು, ಕೌದಿಗೆ ಬೇಕು' ಎಂದಿದ್ದರು. ಅಷ್ಟೇ ಮಾತು. ಆಮೇಲಿಂದ ಅವಳು ಒಂದೂ ತಪ್ಪು ಮಾಡಿರಲಿಲ್ಲ.

ಹಾಗಾಗಿ ಊಟ ಮುಗಿದ ಮೇಲೆ ಅವಳು ಯಾರಿಗೂ ಹೇಳದೆ ಸ್ಕ್ರೂಡ್ರೈವರ್ ತೆಗೆದುಕೊಂಡು ಹೋಗಿ ಐದು ಸ್ಕ್ರೂ ಬಿಚ್ಚಿದಳು, ಕೀಲನ್ನು ಮೇಲಕ್ಕೆ ಏರಿಸಿದಳು, ಮತ್ತೆ ಬಿಗಿದಳು. ಒಳಗೆ ಬಂದು, 'ಈಗ ನೋಡಿ, ಫುಲ್ಲಿಗೆ ಫುಲ್' ಎಂದಳು. ಅವನು ಕೈ ಒರೆಸಿಕೊಳ್ಳುತ್ತ ನೋಡಿ ಬಂದ. ಕಣ್ಣು ಅರಳಿಸಿ, 'ನಿನ್ನ ಕೈಗೆ ಬಂಗಾರದ ಕಡಗ ಹಾಕಿಸ್ಬೇಕು' ಎಂದ. ಮುಂದಿನ ವಾಕ್ಯ ಅವಳ ನಾಲಿಗೆಯ ಮೇಲೆಯೇ ಇತ್ತು: ಆದರೆ ಕಾಲಿಗಿಂತ ಕೆಳಗೆ ನಂಬಬೇಡಿ, ಕಾಲು ತೋರಿಸಿದರೆ ಖಾಲಿ ಎಂದುಕೊಳ್ಳಿ. ಬರೀ ಇಷ್ಟೇ. ಹೇಳಿದ್ದರೆ ಅವನು ಸರಿ ಎನ್ನುತ್ತಿದ್ದ; ಸ್ಟ್ಯಾಂಡಿನಲ್ಲಿ ಯಾರಿಗಾದರೂ ಹೇಳುತ್ತಿದ್ದ; ಅವರು ಇನ್ನೊಂದು ತಮಾಷೆ ಕಟ್ಟುತ್ತಿದ್ದರು. ಅವಳು ಆ ವಾಕ್ಯವನ್ನು ನುಂಗಿದಳು. ಅರ್ಧ ಇಳಿಯುವ ಮೊದಲೇ ಬಂಕಿಗೆ ತಿರುಗಿಸುವ ಮನುಷ್ಯ, ಕಾಲಿಗೆಲ್ಲಿ ಬಿಡುತ್ತಾನೆ ಎಂದುಕೊಂಡಳು. ಒಂದು ವಾರ, ಇನ್ನೊಂದು ವಾರ. ಅವನು ಹೊರಟಾಗಲೆಲ್ಲ ಗೇಟಿನ ತನಕ ಹೋಗಿ ನಿಲ್ಲುತ್ತಿದ್ದಳು, ಹೇಳುವುದಕ್ಕೆಂದೇ. ಹೇಳುವಷ್ಟರಲ್ಲಿ ಲಾರಿ ಹೊರಟಿರುತ್ತಿತ್ತು, ಅಥವಾ ಹಾಗೆ ಅವಳು ಅಂದುಕೊಳ್ಳುತ್ತಿದ್ದಳು.

ಬೆಸುಗೆಯವನ ಮೊಪೆಡ್ಡಿನ ಸದ್ದು ಕೇಳಿ ಅವಳು ಪಟ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೆಳಗಿಳಿದಳು. ಟ್ಯಾಂಕು ಆಗುವುದಿಲ್ಲವೆಂದು ಹೇಳಲು ಬಂದಿದ್ದ. ತಗಡು ಒಳಗಿಂದೊಳಗೇ ತಿಂದುಹೋಗಿದೆ, ತೂತಿಗೆ ತೇಪೆ ಹಾಕಿದರೆ ತೇಪೆಯ ಪಕ್ಕ ಇನ್ನೊಂದು ತೂತು, ಮೂರು ಸಲ ನೋಡಿದೆ, ಇನ್ನು ಅದರಲ್ಲಿ ತುಳಸಿ ನೆಡುವುದಕ್ಕೂ ಲಾಯಕ್ಕಿಲ್ಲ ಎಂದ. ಅವನಿಗೆ ಕೆಟ್ಟ ಸುದ್ದಿಯನ್ನು ಬರಿಗೈಲಿ ಕೊಟ್ಟು ಹೋಗಿ ಅಭ್ಯಾಸವಿಲ್ಲ. ಜೊತೆಗೊಂದು ನಗೆಯ ಮಾತು ಸೇರಿಸಬೇಕು. ನಿಮ್ಮ ಯಜಮಾನರಿಗೆ ಸ್ಟ್ಯಾಂಡಿನಲ್ಲಿ ಹೊಸ ಹೆಸರಿಟ್ಟಿದ್ದಾರಲ್ಲ, ಮರೆವಣ್ಣ ಅಂತ, ಗೊತ್ತಾ ಎಂದು ಕೇಳಿದ. ಅವಳಿಗೆ ಗೊತ್ತಿರಲಿಲ್ಲ. ಹಾಗಾದರೆ ಸೇತುವೆಯ ಕಥೆಯೂ ಗೊತ್ತಿಲ್ಲವೇ ಎಂದು ಖುಷಿಯಿಂದ ಹೇಳತೊಡಗಿದ. ಹೋದ ವಾರವಲ್ಲ, ಅದರ ಹಿಂದಿನ ವಾರ, ಸೇತುವೆಯ ನಟ್ಟನಡುವೆ ಲಾರಿ ನಿಂತುಬಿಟ್ಟಿತಂತೆ. ಡೀಸೆಲ್ ಖಾಲಿ. ಹಿಂದೆ ಮೈಲಿಯುದ್ದ ಗಾಡಿಗಳು, ಎಲ್ಲರೂ ಹಾರ್ನ್ ಒತ್ತುವವರೇ. ಯಾರೋ ಕ್ಯಾನಿನಲ್ಲಿ ತಂದುಕೊಟ್ಟ ಮೇಲೂ ಪೈಪಿನಲ್ಲಿ ಗಾಳಿ ಸೇರಿಕೊಂಡು ಎಂಜಿನ್ ಹಿಡಿಯದೆ, ಹೆಬ್ಬೆರಳಿನಲ್ಲಿ ಪಂಪ್ ಒತ್ತಿ ಒತ್ತಿ ಮುಕ್ಕಾಲು ಗಂಟೆ ಒದ್ದಾಡಿದನಂತೆ. 'ಮೀಟರ್ ನೋಡ್ಲಿಲ್ವೇನೋ ಅಂದ್ರೆ, ಮೀಟರ್ ಸರಿಯಾಗೇ ಇತ್ತು, ನಾನೇ ಹಾಕಿಸೋಕೆ ಮರ್ತೆ ಅಂದ ಅಕ್ಕ. ಮೂವತ್ತು ವರ್ಷದ ಸರ್ವಿಸಲ್ಲಿ ಮೊದಲ್ನೇ ಸಲ ಮರೆತಿದ್ದಾನೆ ಪುಣ್ಯಾತ್ಮ.' ಅವಳು ನಗಬೇಕಾದ ಜಾಗ ಅದು. ನಕ್ಕಳೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ. ಹಳೆಯ ಟ್ಯಾಂಕನ್ನು ಗುಜರಿಗೆ ಹಾಕಿಬಿಡು ಎಂದು ಹೇಳಿ ಅವನನ್ನು ಕಳಿಸಿದಳು.

ಆ ದಿನ ಅವಳಿಗೆ ನೆನಪಿತ್ತು. ಅವನು ತಡವಾಗಿ ಬಂದು, ಟ್ರಾಫಿಕ್ಕು ಎಂದಿದ್ದ. ಬಲಗೈ ಹೆಬ್ಬೆರಳಿನಲ್ಲಿ ದೊಡ್ಡ ಬೊಬ್ಬೆ. ಅವಳು ಕೇಳಿದ್ದಕ್ಕೆ ಹಗ್ಗ ಎಳೆಯುವಾಗ ಆಯಿತೆಂದಿದ್ದ, ಅವಳು ಎಣ್ಣೆ ಸವರಿದ್ದಳು. ಸವರುವಾಗ ಅವನು ಕೈ ಎಳೆದುಕೊಳ್ಳದೆ, ನೋವೆನ್ನದೆ, ಅವಳ ಮುಖವನ್ನೇ ವಿಚಿತ್ರವಾಗಿ ನೋಡುತ್ತಿದ್ದ. ಎರಡು ದಿನ ಬಿಟ್ಟು ಬೆಂಚಿನ ಮೇಲೆ ಕತ್ತು ಬಾಗುವ ಹೊಸ ದೀಪ ತಂದಿಟ್ಟ, 'ಬೆಳಕು ಸಾಲಲ್ವೇನೋ ನಿಂಗೆ' ಎಂದ. ಕನ್ನಡಕ ಬದಲಾಯಿಸೋಣವಾ ಎಂದು ಎರಡು ಸಲ ಕೇಳಿದ್ದ. ಅವಳಿಗಾಗ ಸಂತೋಷವಾಗಿತ್ತು. ಐವತ್ತು ದಾಟಿದ ಹೆಂಡತಿಯ ಮೇಲೆ ಹೀಗೆ ದಿಢೀರೆಂದು ಅಕ್ಕರೆ ಉಕ್ಕುವುದಕ್ಕೆ ಕಾರಣ ಹುಡುಕಬಾರದೆಂದು ಸುಮ್ಮನಿದ್ದಳು. ಆ ದೀಪದ ಅರ್ಥ ಈಗ ಬಿಡಿಸಿಕೊಂಡಿತು. ಅವಳ ಕಣ್ಣು ಹೋಗುತ್ತಿದೆಯೆಂದು ಅವನು ತಿಳಿದಿದ್ದಾನೆ. ಅವಳ ಕೈ ತಪ್ಪಿದೆಯೆಂದು ತಿಳಿದು, ಅದನ್ನು ಅವಳಿಗೆ ತಿಳಿಸದೆ ಉಳಿಸಲು ಊರಿನೆದುರು ಮರೆವಣ್ಣನಾಗಿದ್ದಾನೆ. ಅವಳಿಗೆ ಅವನ ಮೇಲೆ ಪ್ರೀತಿ ಬಂದಷ್ಟೇ ಸಿಟ್ಟೂ ಬಂತು. ಕೈ ತಪ್ಪಿರಲಿಲ್ಲವಲ್ಲ. ಕೈ ಏನು ಮಾಡುತ್ತಿದೆಯೆಂದು ಅವಳಿಗೆ ಕೂದಲೆಳೆಯಷ್ಟೂ ತಪ್ಪದೆ ಗೊತ್ತಿತ್ತು. ತಪ್ಪಿದ್ದು ಬಾಯಿ. ಅದನ್ನು ಹೇಳಿದರೆ ಅವನ ಕಣ್ಣಿನಲ್ಲಿ ತಾನು ಇನ್ನೂ ಕೆಳಗಿಳಿಯುತ್ತೇನೆ. ಹೇಳದಿದ್ದರೆ ಕುರುಡಿಯಾಗಿ, ಪಾಪದವಳಾಗಿ ಕೊನೆಯವರೆಗೂ ಅವನ ಅಕ್ಕರೆ ತಿನ್ನುತ್ತ ಇರಬೇಕು.

ಮುಂದಿನ ಕೋಣೆಯಲ್ಲಿ ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಕೌದಿಗೆ ಚಿಂದಿ ಜೋಡಿಸುತ್ತಿದ್ದರು. ಮೀಟರಿನ ಕೆಲಸ ಮೊದಲು ಅವರದು. ಇಪ್ಪತ್ತೆರಡರ ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಡುಗೆಮನೆ ಎಲ್ಲಿಗೂ ಓಡಿಹೋಗಲ್ಲ, ಮೊದಲು ಇದನ್ನ ಕಲಿ ಎಂದು ಮುಳ್ಳು ಎತ್ತುವ ಚಿಮುಟವನ್ನು ಅವಳ ಬೆರಳಿಗೆ ಕೊಟ್ಟವರು. ಈಗ ಅವರ ಕಣ್ಣಿಗೆ ಮೋಡ ಕವಿದಿತ್ತು, ಬೆರಳಿಗೆ ಮಾತ್ರ ಎಲ್ಲ ತಿಳಿಯುತ್ತಿತ್ತು. ಹದಿನೈದು ದಿನದ ಹಿಂದೆ ಪಟ್ಟಿ ಕಾಣದಾದಾಗ ಅವಳು ಅವರಿಗೇ ಅಂದಿದ್ದಳು: ಎಲ್ಲೋ ಇಟ್ಟು ಮರೆತಿದ್ದೀರಿ, ತೆಗೆದ ಜಾಗದಲ್ಲೇ ಇಡುವುದನ್ನು ಇನ್ನು ಯಾವಾಗ ಕಲಿಯುತ್ತೀರಿ ಎಂದು. ಸ್ವಲ್ಪ ಜೋರಾಗಿಯೇ. ಅತ್ತೆ, ಇರಬಹುದು ಕಣೆ, ವಯಸ್ಸಾಯ್ತು ಎಂದು ತಲೆ ತಗ್ಗಿಸಿದ್ದರು. ಈಗ ಅವಳು ಪಟ್ಟಿಯನ್ನು ಅವರ ಮಡಿಲಲ್ಲಿ ಇಟ್ಟಳು. ಅತ್ತೆ ಬೆರಳು ಸವರಿದರು, ಕಚ್ಚಿನ ಮೇಲೆ ಬೆರಳು ನಿಂತಿತು.

"ನಾನೇ ಕೊಟ್ಟೆ," ಎಂದರು. "ಅವ್ನು ಕೋಲು ಕೊಡಮ್ಮ ಅಂದ. ಯಾಕೆ ಅಂತ ಕೇಳ್ಲಿಲ್ಲ. ಕೇಳ್ಬೇಕಾ?"

"ನನ್ನ ಹತ್ರ ಬೈಸ್ಕೊಂಡ್ರಲ್ಲ ಅತ್ತೆ."

"ನಿನ್ನ ಬೈಗುಳ ಏನು ಹೊಸದಾ ನಂಗೆ." ಚಿಂದಿಯೊಂದನ್ನು ಬೆಳಕಿಗೆ ಹಿಡಿದು, ಕಾಣದಿದ್ದರೂ ನೋಡಿದಂತೆ ಮಾಡಿ, ಮತ್ತೆ ಕೇಳಿದರು: "ಕಂಬಿ ಕತ್ತರಿಸಿರಲಿಲ್ಲ, ಅಲ್ವಾ?"

ಅವಳು ಇಲ್ಲವೆಂದಳು. ಮೇಲಕ್ಕೆ ಹೊಂದಿಸಿದ್ದೆ ಎಂದಳು. ಅತ್ತೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು. ಅವರಿಗೆ ಗೊತ್ತಾಯಿತು. ಈ ಕೆಲಸ ಬಲ್ಲವರಿಗೆ ಮುಂದೆ ಹೇಳಬೇಕಾದ್ದು ಏನೂ ಇರುವುದಿಲ್ಲ; ಮೇಲಕ್ಕೆ ಹೊಂದಿಸಿದವಳಿಗೆ ಕೆಳಗಿನದು ಗೊತ್ತಿರಲೇಬೇಕು. ಅತ್ತೆ ಏನಾದರೂ ಅನ್ನಲಿ ಎಂದು ಅವಳು ಕಾದಳು. ಅವರು ಗೋಡೆಯಾಚೆ ಮಂಚದ ಕಿರುಗುಟ್ಟುವಿಕೆ ಕೇಳಿ, "ಎದ್ದ ನೋಡು," ಎಂದರು. "ನಾನಂತೂ ಹೇಳಲ್ಲ. ನಿನ್ನ ಗಂಡ, ನಿನ್ನ ಟ್ಯಾಂಕು."

ಅವನು ಮುಖ ತೊಳೆದು, ತಲೆಯಿಂದ ನೀರು ತೊಟ್ಟಿಕ್ಕಿಸುತ್ತ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದ. ಅವಳು ಚಹಾ ಕೊಟ್ಟಳು. ಅವನು ಲೋಟವನ್ನು ಎಡಗೈಯಲ್ಲಿ ಹಿಡಿದ. ಬಲ ಹೆಬ್ಬೆರಳಿನ ಚರ್ಮ ಸುಲಿದು ಹೊಸದು ಬರುತ್ತಿತ್ತು, ಮಗುವಿನ ಚರ್ಮದಂತೆ ತಿಳಿಗೆಂಪು. ಅದನ್ನು ನೋಡುತ್ತ ಅವಳು ಯೋಚಿಸಿಟ್ಟುಕೊಂಡಿದ್ದ ಪೀಠಿಕೆಯೆಲ್ಲ ಮರೆತುಹೋಯಿತು. ಬೆಸುಗೆಯವನು ಬಂದಿದ್ದ, ಟ್ಯಾಂಕು ಆಗಲ್ಲವಂತೆ ಎಂದಳು. ಹೋಗಲಿ ಬಿಡು ಎಂದ. ಸೇತುವೆಯ ಕಥೆ ಹೇಳಿದ ಎಂದಳು. ಅವನು ಲೋಟದೊಳಗೆ ನೋಡಿದ. ಅದೇನು ದೊಡ್ಡ ವಿಷಯ, ಯಾವುದೋ ಯೋಚನೆಯಲ್ಲಿದ್ದೆ, ಮರೆತೆ ಎಂದ. ಹೇಳುವಾಗ ಅವಳಿಗೆ ನೋವಾಗದ ಹಾಗೆ ದನಿಯನ್ನು ಅಷ್ಟು ತಗ್ಗಿಸಿದ್ದನೆಂದರೆ ಅವಳಿಗೆ ಅಲ್ಲೇ ಅತ್ತುಬಿಡಬೇಕೆನಿಸಿತು. ಬಸ್ ಡ್ರೈವರು ಬೆಂಚಿಗೆ ಕುಕ್ಕಿದ ಸದ್ದಿಗಿಂತ ಈ ಮೆಲುದನಿ ದೊಡ್ಡದಾಗಿ ಕೇಳಿತು.

"ನೀವು ಮರೆತಿಲ್ಲ," ಎಂದಳು. "ಮೀಟರ್ ಕಾಲು ತೋರಿಸ್ತಿತ್ತು. ಟ್ಯಾಂಕ್ ಒಣಗಿದ್ರೂ ಅದು ಕಾಲೇ ತೋರಿಸೋದು. ನಂಗೆ ಗೊತ್ತಿತ್ತು."

"ಕಣ್ಣು ಸ್ವಲ್ಪ..."

"ಕಣ್ಣು ನೆಟ್ಟಗಿದೆ. ನಂಗೆ ಗೊತ್ತಿತ್ತು ಕಣ್ರೀ. ಗೊತ್ತಿದ್ದೇ ಏರಿಸ್ದೆ. ನಿಮಗೆ ಹೇಳ್ಬೇಕಿತ್ತು, ಹೇಳ್ಲಿಲ್ಲ. ಮತ್ತೆ ನಗ್ತಾರೆ ಅಂತ."

ಅವನು ಲೋಟವನ್ನು ಮೆಟ್ಟಿಲ ಮೇಲಿಟ್ಟ. ಅವಳು ಅವನ ಮುಖದಲ್ಲಿ ಒಂದೊಂದೇ ಬದಲಾಗುವುದನ್ನು ನೋಡಿದಳು: ಮೊದಲು ನಂಬದಿರುವುದು, ಆಮೇಲೆ ಸೇತುವೆಯ ಆ ಮುಕ್ಕಾಲು ಗಂಟೆ ಮತ್ತೊಮ್ಮೆ ಕಣ್ಣ ಮುಂದೆ ಹಾದುಹೋಗುವುದು, ಆಮೇಲೆ ಕುತ್ತಿಗೆಯ ನರ ಉಬ್ಬುವುದು. ಎದ್ದು ನಿಂತ. ಇಷ್ಟು ದಿನ ಮನೆಯಲ್ಲಿ ಕೇಳದಿದ್ದ ದನಿ ಹೊರಬಂತು.

"ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆ ಅಂದ್ರೆ ಏನೇ ಅರ್ಥ? ಸೇತುವೆ ಮೇಲೆ ನಿಂತ್ರೆ ಮಾನ ಹೋಯ್ತು, ಅಷ್ಟೇ. ಇಳಿಜಾರಲ್ಲಿ ಎಂಜಿನ್ ಆಫ್ ಆಗಿ ಬ್ರೇಕ್ ಹಿಡೀದಿದ್ರೆ? ಬ್ರೇಕಿಗೆ ಗಾಳಿ ಯಾರು ಊದ್ತಿದ್ರು, ನಮ್ಮಮ್ಮ ಬಂದು ಊದ್ತಿದ್ಲಾ?"

"ನನ್ನನ್ನ ಯಾಕೋ ಎಳೀತೀಯ," ಎಂದು ಒಳಗಿನಿಂದ ಅತ್ತೆಯ ದನಿ ಬಂತು.

ಅವನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಬೈದ. ನಿಂತು ಬೈದ, ಹಿತ್ತಿಲ ಉದ್ದಕ್ಕೂ ಓಡಾಡಿ ಬೈದ. ಬೇರೆ ಯಾವ ಮಿಸ್ತ್ರಿ ಹೀಗೆ ಮಾಡಿದ್ದರೂ ಕಾಲರ್ ಹಿಡಿಯುತ್ತಿದ್ದೆ ಎಂದ. ನಿನ್ನ ಕಣ್ಣಿಗೆ ಏನಾಯಿತೋ ಎಂದು ಡಾಕ್ಟರ ವಿಳಾಸ ಕೇಳಿಕೊಂಡು ಬಂದಿದ್ದೇನೆ, ಜೇಬಲ್ಲಿ ಚೀಟಿ ಇದೆ ನೋಡು, ಹದಿನೈದು ದಿನದಿಂದ ನಿದ್ದೆ ಬಿಟ್ಟು ಯೋಚಿಸಿದ್ದೇನೆ, ಇವಳು ನೋಡಿದರೆ ನೆಟ್ಟಗೆ ಕಣ್ಣಿಟ್ಟುಕೊಂಡು ಕೂತಿದ್ದಾಳೆ ಎಂದ. ಯೂನಿಟ್ಟನ್ನು ಹೇಗೆ ಹೊಂದಿಸಬೇಕು, ಏನು ಹೇಳಿ ಕೊಡಬೇಕು ಎಂದು ಅವಳಿಗೇ ಪಾಠ ಮಾಡಿದ, ಅದರಲ್ಲಿ ಅರ್ಧ ತಪ್ಪಿತ್ತು. ಅವಳು ಮೆಟ್ಟಿಲ ಮೇಲೆ ಕೂತು ಕೇಳಿದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಅದನ್ನು ಒರೆಸಬೇಕೆನಿಸಲಿಲ್ಲ. ಹೋದ ವರ್ಷದಿಂದ ಈ ಮನೆಯಲ್ಲಿ ಯಾರೂ ಅವಳ ಮೇಲೆ ದನಿ ಎತ್ತಿರಲಿಲ್ಲ. ಗಾಜಿನ ಸಾಮಾನಿನಂತೆ ಎರಡೂ ಕೈಯಲ್ಲಿ ಹಿಡಿದು ಇಲ್ಲಿಂದ ಅಲ್ಲಿಗೆ ಇಡುತ್ತಿದ್ದರು. ಈಗ ಅವನು ಬೈಯುತ್ತಿದ್ದುದು ಹೆಂಡತಿಗಲ್ಲ, ಪಾಪದವಳಿಗಲ್ಲ. ಕೆಲಸ ಗೊತ್ತಿದ್ದೂ ಕೆಡಿಸಿದ ಒಬ್ಬ ಮೆಕ್ಯಾನಿಕ್ಕಿಗೆ. ಎದೆಯ ಮೇಲಿನಿಂದ ಯಾರೋ ಮೊಣಕಾಲು ತೆಗೆದ ಹಾಗಾಗಿ ಉಸಿರು ಸಲೀಸಾಯಿತು. ಬೈಗುಳ ಮುಗಿಯುತ್ತ ಬಂದಾಗ ಅವನು ಚಹಾ ಆರಿತೆಂದು ಅದಕ್ಕೂ ಬೈದ.

"ಮೂರು ಗಂಟೆಗೆ ಹೊರಡ್ಬೇಕು ನಾನು," ಎಂದ ಕೊನೆಗೆ.

"ಹೊರಡಲ್ಲ," ಎಂದಳು. "ಇದಾಗೋ ತನಕ ಗಾಡಿ ಹೊರಡಲ್ಲ. ಫೋನ್ ಮಾಡಿ ಲೋಡಿನವರಿಗೆ ಹೇಳಿ."

ಅವನು ಅವಳನ್ನೇ ನೋಡಿದ. ಆಮೇಲೆ ಫೋನ್ ಹುಡುಕಲು ಒಳಗೆ ಹೋದ.

ಟ್ಯಾಂಕಿನ ಅಡಿಯ ಬೋಲ್ಟು ಬಿಚ್ಚಿ ಡೀಸೆಲ್ಲನ್ನೆಲ್ಲ ಕ್ಯಾನುಗಳಿಗೆ ಇಳಿಸಿಕೊಂಡರು. ಅವಳು ಯೂನಿಟ್ಟನ್ನು ಹೊರಗೆ ತೆಗೆದು ಬೆಂಚಿನ ಮೇಲಿಟ್ಟಳು. ಇಪ್ಪತ್ತೆರಡಕ್ಕೆ ಹದಿನಾಲ್ಕು ಇಂಚಿನ ಕಂಬಿ, ಹದಿನೇಳಕ್ಕೆ ಎಷ್ಟು? ಲೆಕ್ಕ ಹತ್ತೂಮುಕ್ಕಾಲು ಎಂದಿತು. ಕಂಬಿ ಗಿಡ್ಡವಾದರೆ ಬಿರಡೆ ಕಡಿಮೆ ಎತ್ತರ ಏರಿಳಿದರೂ ಮುಳ್ಳು ಪೂರ್ತಿ ತಿರುಗುತ್ತದೆ. ಕಟಿಂಗ್ ಪ್ಲೇಯರಿನ ಬಾಯಿಗೆ ಕಂಬಿ ಕೊಟ್ಟು ಒಂದು ಕ್ಷಣ ನಿಂತಳು. ಇನ್ನು ಹಳೆಯ ಟ್ಯಾಂಕಿಲ್ಲ. ಒತ್ತಿದಳು, ತುಂಡು ಟಣ್ಣೆಂದು ಎಲ್ಲೋ ಹಾರಿತು. ತುದಿ ಬಗ್ಗಿಸಿ ಬಿರಡೆ ಸಿಕ್ಕಿಸಿ, ಕೀಲನ್ನು ಹೊಸ ಆಳದ ನಡುವಿಗೆ ತಂದಳು. ಅತ್ತೆ ಕುರ್ಚಿಯಿಂದ ಕೈ ಚಾಚಿ ಕೊಡು ಎಂದರು. ಕಂಬಿಯನ್ನು ಮೇಲೆ ಕೆಳಗೆ ಆಡಿಸಿದರು, ಕೀಲಿನ ಬಿಗಿ ನೋಡಿದರು. ಡೀಸೆಲ್ ಹೀರುವ ಪೈಪು ತಳದಿಂದ ಎಷ್ಟು ಮೇಲೆ ನಿಲ್ಲುತ್ತದೆಂದು ಕೇಳಿದರು. ಒಂದೂಕಾಲು ಇಂಚು ಎಂದಳು. ಅದರ ಕೆಳಗಿರುವುದು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ, ಖಾಲಿ ಗೆರೆಯನ್ನು ಅಲ್ಲಿಗೆ ನಿಲ್ಲಿಸು ಎಂದರು. ಅವಳಿಗೆ ಅದು ಗೊತ್ತಿತ್ತು. ಆದರೂ ಹೂಂ ಎಂದಳು. ಅತ್ತೆ ಯೂನಿಟ್ಟನ್ನು ವಾಪಸು ಕೊಡುವಾಗ ಅವಳ ಕೈಯನ್ನು ಸ್ವಲ್ಪ ಹೊತ್ತು ಬಿಡಲಿಲ್ಲ.

ಬಿಸಿಲು ಲಾರಿಯ ಆಚೆ ಬದಿಗೆ ಸರಿದಿತ್ತು. ಹೊಸ ಪ್ಯಾಕಿಂಗ್ ಇಟ್ಟು ಐದು ಸ್ಕ್ರೂ ಬಿಗಿದು, ತಳದಿಂದ ಒಂದೂಕಾಲು ಇಂಚಿಗೆ ಬರುವವರೆಗೆ ಅವಳು ಕ್ಯಾನಿನಿಂದ ಡೀಸೆಲ್ ಸುರಿದಳು. ಈಗ ಪೈಪಿನ ಬಾಯಿ ಮುಟ್ಟುವಷ್ಟು ಇದೆ, ಇದೇ ಖಾಲಿ. ಗಂಡ ಕ್ಯಾಬಿನ್ನಿನಲ್ಲಿ ಕೂತು ಕೀ ತಿರುಗಿಸಿದ. ಅವಳು ಟ್ಯಾಂಕಿನ ಪಕ್ಕ, ಕೈಯಲ್ಲಿ ಬರಿದಾದ ಕ್ಯಾನು ಹಿಡಿದು ನಿಂತಿದ್ದಳು. ಅಲ್ಲಿಂದ ಮೀಟರು ಕಾಣುತ್ತಿರಲಿಲ್ಲ. ಬಾಗಿಲಿನಿಂದ ಹೊರಗೆ ಚಾಚಿದ ಅವನ ಮೊಣಕೈ ಮಾತ್ರ ಕಾಣುತ್ತಿತ್ತು. ಹೇಳಿ ಎಂದಳು. ಅವನು ಹೇಳಲಿಲ್ಲ. ಅವನ ಮೌನ ಅವಳಿಗೆ ಚೆನ್ನಾಗಿ ಗೊತ್ತು. ಮುಳ್ಳು ಗೆರೆಯ ಮೇಲೆ ನಿಂತಿದ್ದರೆ ಈ ಹೊತ್ತಿಗೆ ಬಂಗಾರದ ಕಡಗದ ಮಾತು ಬಂದಿರುತ್ತಿತ್ತು. ಅವನು ಒಳಗೆ ತೂಗಿ ನೋಡುತ್ತಿದ್ದಾನೆ. ಇಷ್ಟೆಲ್ಲ ಅತ್ತು, ಕತ್ತರಿಸಿ, ಮಧ್ಯಾಹ್ನವಿಡೀ ಮೈಗೆ ಡೀಸೆಲ್ ಮೆತ್ತಿಕೊಂಡು ನಿಂತಿರುವವಳಿಗೆ ಏನು ಹೇಳಬೇಕೆಂದು. ಸರಿಯಾಗಿದೆ ಎಂದುಬಿಟ್ಟರೆ ಹೊರಡಬಹುದು, ಮೂರು ಗಂಟೆಯ ಲೋಡು ಐದಕ್ಕಾದರೂ ಸಿಕ್ಕೀತು. ಅವಳು ಕ್ಯಾನನ್ನು ನೆಲಕ್ಕಿಡಲಿಲ್ಲ. ಅವನು ಸುಳ್ಳು ಹೇಳಿದರೆ ಈ ದಿನವೆಲ್ಲ ನೀರಲ್ಲಿ ಹೋಮ ಮಾಡಿದ ಹಾಗೆ. ಅದನ್ನು ಕೂಗಿ ಹೇಳಬೇಕೆನಿಸಿತು, ಆದರೆ ಕೇಳಿ ಪಡೆದರೆ ಅದಕ್ಕೆ ಬೆಲೆಯೇನು.

"ಗೆರೆಗಿಂತ ಮೇಲಿದೆ," ಎಂದ ಅವನು.

"ಎಷ್ಟು?"

"ಒಂದು ಕೂದಲೆಳೆ."

"ಒಂದಾ?"

ಮೊಣಕೈ ಒಳಗೆ ಸರಿಯಿತು. ಅವನು ಬಗ್ಗಿ ಮೀಟರಿಗೆ ಮುಖ ಹತ್ತಿರ ತಂದಿರಬೇಕು.

"ಎರಡು," ಎಂದ. "ಎರಡೂವರೆ ಅನ್ನು. ಹಿಂಗೇ ಬಿಟ್ರೆ ಮತ್ತೆ ಎಲ್ಲಾದ್ರೂ ನಿಲ್ಲಿಸ್ತೀಯ ನನ್ನನ್ನ. ಬಿಚ್ಚು, ಬಿಚ್ಚು."

ಅವಳು ಸ್ಕ್ರೂಡ್ರೈವರಿಗೆ ಕೈ ಹಾಕಿದಳು. ಮೊದಲ ಸ್ಕ್ರೂ ಸಡಿಲಾಗುವಾಗ ಬಾಯಿ ತಾನಾಗಿ ಹಿಗ್ಗಿದ್ದನ್ನು ಅವನು ನೋಡದಿರಲೆಂದು ಟ್ಯಾಂಕಿನ ಮೇಲೆ ಇನ್ನಷ್ಟು ಬಾಗಿದಳು.